ಎಂಪಿಎಚ್ ಸೀಟು, ಏಳೂವರೆ ಲಕ್ಷದ ಸಾಲ: ಗಡಿನಾಡ ಮಕ್ಕಳೇ, ಸಹಿ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ಕಳೆದ ತಿಂಗಳು ನಮ್ಮ ಬ್ರಾಂಚಿಗೆ ಒಬ್ಬ ಅಪ್ಪ, ಮಗಳು ಬಂದಿದ್ದರು. ಹುಡುಗಿ ಹತ್ತನೇ ತನಕ ಕನ್ನಡ ಮೀಡಿಯಂ, ಆಮೇಲೆ ಬಿ.ಎಸ್ಸಿ. ಕೈಯಲ್ಲಿ ಒಂದು ಖಾಸಗಿ ಕಾಲೇಜಿನ ಅಡ್ಮಿಷನ್ ಪತ್ರ. ಕೋರ್ಸು ಎಂಪಿಎಚ್, ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್. ಎರಡು ವರ್ಷಕ್ಕೆ ಫೀಸು, ಹಾಸ್ಟೆಲು, ಲ್ಯಾಪ್‌ಟಾಪು ಎಲ್ಲ ಸೇರಿಸಿ ಅಂದಾಜು ಪಟ್ಟಿ. ಕೊನೆಯ ಮೊತ್ತ ಎಷ್ಟು ಗೊತ್ತುಂಟಾ? ಸರಿಯಾಗಿ ಏಳೂವರೆ ಲಕ್ಷ. ಒಂದು ರೂಪಾಯಿ ಆಚೆ ಈಚೆ ಇಲ್ಲ.

ಬ್ಯಾಂಕಿನಲ್ಲಿ ಕೂತವರಿಗೆ ಈ ಸಂಖ್ಯೆ ನೋಡಿದ ಕೂಡಲೇ ನಗು ಬರ್ತದೆ, ಆಮೇಲೆ ಸಿಟ್ಟು ಬರ್ತದೆ. ಏಳೂವರೆ ಲಕ್ಷದ ಮೇಲೆ ಹೋದರೆ ಜಾಗ, ಮನೆ ಅಡವು ಕೇಳ್ತಾರೆ. ಅಲ್ಲಿಯವರೆಗೆ ಸರಕಾರದ ಕ್ರೆಡಿಟ್ ಗ್ಯಾರಂಟಿ ಉಂಟು, ಅಡವು ಬೇಡ. ಅಂದರೆ ಆ ಪಟ್ಟಿ ಬರೆದವರಿಗೆ ಹುಡುಗಿಯ ಓದು ಎಷ್ಟಕ್ಕೆ ಮುಗೀತದೆ ಎಂಬುದಕ್ಕಿಂತ ಬ್ಯಾಂಕಿನಿಂದ ಎಷ್ಟು ಸುಲಭವಾಗಿ ಬರ್ತದೆ ಎಂಬುದೇ ಮುಖ್ಯ.

ಸಾಲ ಮಂಜೂರು ಮಾಡುವುದು ನಾವಲ್ಲ. ನಾವು ಕ್ಲರ್ಕುಗಳು, ಫಾರಂ ತುಂಬಿಸುವವರು, ಕೆವೈಸಿ ನೋಡುವವರು. ಆದರೆ ಮೂರು ವರ್ಷ ಕಳೆದ ಮೇಲೆ "ನಿಮ್ಮ ಖಾತೆಯಲ್ಲಿ ಕಂತು ಬಾಕಿ ಇದೆ" ಅಂತ ಫೋನ್ ಮಾಡುವವರೂ ನಾವೇ. ಹಾಗಾಗಿ ಈ ವಿಷಯ ಮಾತಾಡುವ ಹಕ್ಕು ನಮಗೆ ಸ್ವಲ್ಪ ಉಂಟು ಅಂದುಕೊಳ್ತೇವೆ.

ಮೊದಲು ಲೆಕ್ಕ. ಏಳೂವರೆ ಲಕ್ಷ ಸಾಲ, ವರ್ಷಕ್ಕೆ ಅರ್ಧರ್ಧ ಬಿಡುಗಡೆ, ಬಡ್ಡಿ ಸುಲಭಕ್ಕೆ ನೂರಕ್ಕೆ 10 ಅಂತ ಇಟ್ಟುಕೊಳ್ಳಿ. ಎರಡು ವರ್ಷ ಓದು, ಆಮೇಲೆ ಒಂದು ವರ್ಷ ಕಂತಿಗೆ ರಜೆ. ಕಂತಿಗೆ ಮಾತ್ರ ರಜೆ ಮಾರಾಯ್ರೆ, ಬಡ್ಡಿಗೆ ರಜೆ ಇಲ್ಲ. ಮೂರನೇ ವರ್ಷದ ಕೊನೆಗೆ ಅಸಲಿನ ಮೇಲೆ 1,87,500 ಬಡ್ಡಿ ಕೂಡಿ ಬಾಕಿ 9,37,500 ಆಗಿರ್ತದೆ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 12,400. ಅದೇ ಹುಡುಗಿ ಒಂದೂವರೆ ಲಕ್ಷದಲ್ಲಿ ಓದು ಮುಗಿಸಿದರೆ ಅದೇ ಲೆಕ್ಕದಲ್ಲಿ ಕಂತು ಸುಮಾರು 2,500. ಎನ್‌ಎಚ್‌ಎಂನಲ್ಲಿ ಕಾಂಟ್ರಾಕ್ಟ್ ಕೆಲಸ, ವರ್ಷ ವರ್ಷ ರಿನ್ಯೂವಲ್. ಅದರಲ್ಲಿ 12,400 ಕಟ್ಟುವುದಕ್ಕೂ 2,500 ಕಟ್ಟುವುದಕ್ಕೂ ಎಷ್ಟು ವ್ಯತ್ಯಾಸ ಅಂತ ನಾವು ಹೇಳಬೇಕಾ? ಒಬ್ಬಳು ಊರಿಗೆ ಬಂದು ಕೆಲಸ ಮಾಡಬಹುದು. ಇನ್ನೊಬ್ಬಳು ಸಿಕ್ಕಿದ ಊರಿಗೆ ಸಿಕ್ಕಿದ ಕೆಲಸಕ್ಕೆ ಹೋಗಲೇಬೇಕು.

ಇದು ಪುಸ್ತಕದ ಲೆಕ್ಕ ಅಲ್ಲ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗನ ಫೈಲನ್ನು ನಾವೇ ಓಡಾಡಿ ಮಾಡಿಸಿಕೊಟ್ಟೆವು. "ನಮ್ಮ ಕನ್ನಡದ ಹುಡುಗ, ಮುಂದೆ ಬರಲಿ" ಅಂತ ಹೆಮ್ಮೆ ಬೇರೆ. ಯಾವ ಕಾಲೇಜು, ಏನು ಕಲಿಸ್ತಾರೆ, ಫೀಲ್ಡು ಎಲ್ಲಿ, ಒಂದೂ ಕೇಳಲಿಲ್ಲ. ಈಗ ಅವನು ಬೆಂಗಳೂರಿನಲ್ಲಿ ಇನ್ಶೂರೆನ್ಸ್ ಕ್ಲೇಮು ಪರಿಶೀಲಿಸುವ ಕೆಲಸದಲ್ಲಿದ್ದಾನೆ. ಅದಕ್ಕೆ ಎಂಪಿಎಚ್ ಬೇಕಾಗಿರಲಿಲ್ಲ. ಖಾತೆ ಎರಡು ಸಲ ತೊಂಬತ್ತು ದಿನದ ಅಂಚಿಗೆ ಬಂದು ಹೋಗಿದೆ. ತೊಂಬತ್ತು ದಾಟಿದರೆ ಎನ್‌ಪಿಎ. ಅವನ ಅಮ್ಮನಿಗೆ ಫೋನ್ ಮಾಡಬೇಕಾದಾಗ ಪಕ್ಕದ ಸೀಟಿನವರಿಗೆ ಹೇಳಿ ನಾವು ಚಾ ಕುಡಿಯಲು ಹೋಗ್ತೇವೆ. ಅಷ್ಟು ನಾಚಿಕೆ.

ಈಗ ನಿಮ್ಮಲ್ಲಿ ಕೆಲವರು ಕೇಳ್ತೀರಿ: ಹಾಗಾದರೆ ಪಬ್ಲಿಕ್ ಹೆಲ್ತ್ ಓದಲೇಬಾರದಾ? ಓದಲೇಬೇಕು. ಗಡಿಯ ಮಕ್ಕಳು ಓದಬೇಕಾದ ಕೋರ್ಸು ಒಂದಿದ್ದರೆ ಅದು ಇದೇ ಅಂತ ನಮ್ಮ ವಾದ. ಆದರೆ ನಮ್ಮ ಮನೆಗಳಲ್ಲಿ ಇದನ್ನು ಆಯ್ಕೆ ಮಾಡುವ ರೀತಿಯೇ ತಪ್ಪು. ಎಂಬಿಬಿಎಸ್ ಸಿಗಲಿಲ್ಲ, ನರ್ಸಿಂಗ್ ಬೇಡ, ಹೆಸರಿನಲ್ಲಿ "ಹೆಲ್ತ್" ಇದ್ದರೆ ಸಾಕು, ಮದುವೆ ಮಾತುಕತೆಯಲ್ಲಿ ಹೇಳಲು ಚೆಂದ. ಈ ಮನಸ್ಸಿನಿಂದ ಹೋದವರಿಗೆ ಎಂಪಿಎಚ್ ಯಾವುದು, ಆಸ್ಪತ್ರೆ ಆಡಳಿತದ ಎಂಎಚ್‌ಎ ಯಾವುದು ಎಂಬ ವ್ಯತ್ಯಾಸವೂ ಗೊತ್ತಿರುವುದಿಲ್ಲ. ಎಂಎಚ್‌ಎ ಓದಿದವರು ಆಸ್ಪತ್ರೆ ನಡೆಸುವವರು. ಎಂಪಿಎಚ್ ಓದಿದವರು ಊರಿಗೆ ಊರೇ ಯಾಕೆ ಕಾಯಿಲೆ ಬೀಳ್ತದೆ ಅಂತ ಲೆಕ್ಕ ಹಾಕುವವರು. ಒಂದು ರೋಗಿಯ ಬೆಡ್ ಎಣಿಸ್ತದೆ, ಇನ್ನೊಂದು ರೋಗ ಬಾರದ ಹಾಗೆ ಏನು ಮಾಡಬೇಕು ಅಂತ ನೋಡ್ತದೆ.

ಲೆಕ್ಕ ಹಾಕುವುದಕ್ಕೆ ಎಷ್ಟು ಬೆಲೆ ಉಂಟು ಅಂತ ಕಾಸರಗೋಡಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಎಣ್ಮಕಜೆಯ ಪಡ್ರೆಯಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು, ಎರಡು ದಶಕ. ಒಂದೇ ಪ್ರದೇಶದಲ್ಲಿ ಇಷ್ಟು ಮಕ್ಕಳಿಗೆ ಯಾಕೆ ಹೀಗಾಗ್ತದೆ ಅಂತ ಮೊದಲು ಕೇಳಿದ್ದು ದೊಡ್ಡ ಸಂಸ್ಥೆಯಲ್ಲ. ಅಲ್ಲೇ ಕ್ಲಿನಿಕ್ ಇಟ್ಟುಕೊಂಡಿದ್ದ ಡಾ. ವೈ.ಎಸ್. ಮೋಹನ ಕುಮಾರ್. ಅದನ್ನು ಹೊರಜಗತ್ತಿಗೆ ತಲುಪಿಸಿದವರಲ್ಲಿ ಪತ್ರಕರ್ತ ಶ್ರೀ ಪಡ್ರೆ ಒಬ್ಬರು. ಇಬ್ಬರೂ ನಮ್ಮ ಮಣ್ಣಿನವರು. ಆಮೇಲೆ ಅಹಮದಾಬಾದಿನಿಂದ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂತು, ಸ್ಪ್ರೇ ಆದ ಊರಿನ ಮಕ್ಕಳನ್ನು ಸ್ಪ್ರೇ ಇಲ್ಲದ ಊರಿನ ಮಕ್ಕಳ ಜತೆ ಹೋಲಿಸಿತು. ಆ ಹೋಲಿಕೆಗೆ ಎಪಿಡೆಮಿಯಾಲಜಿ ಅಂತ ಹೆಸರು, ಎಂಪಿಎಚ್‌ನ ಬೆನ್ನೆಲುಬೇ ಅದು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ನಿಷೇಧಿಸಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಿ ಅಂತ ಕೇರಳಕ್ಕೆ ಹೇಳಿತು. ಘೋಷಣೆ ಕೂಗಿದ್ದು ಬೇಕಿತ್ತು, ಹೌದು. ಆದರೆ ಕೋರ್ಟಿನಲ್ಲಿ ನಿಂತದ್ದು ಪಟ್ಟಿ, ದಾಖಲೆ, ಸಂಖ್ಯೆ.

ನಮ್ಮ ಹೋರಾಟದವರಿಗೆ ಒಂದು ಮಾತು ಕೇಳಬೇಕು, ಬೇಜಾರು ಮಾಡ್ಕೋಬೇಡಿ. ನಾವು ಬೋರ್ಡು ಕೇಳ್ತೇವೆ, ಕನ್ನಡ ಮೇಷ್ಟ್ರು ಕೇಳ್ತೇವೆ, ಪಠ್ಯಪುಸ್ತಕ ಕೇಳ್ತೇವೆ. ಕೇಳಲೇಬೇಕು. ಆದರೆ ಆಸ್ಪತ್ರೆಯ ಒಪ್ಪಿಗೆ ಪತ್ರ ಯಾವ ಭಾಷೆಯಲ್ಲಿದೆ ಅಂತ ಎಷ್ಟು ಸಲ ಕೇಳಿದ್ದೇವೆ? ತಾಳವಾಡಿಯ ಅಜ್ಜಿಯೊಬ್ಬಳು ಆಪರೇಷನ್ನಿಗೆ ಹೆಬ್ಬೆಟ್ಟು ಒತ್ತುವಾಗ ಆ ಕಾಗದ ತಮಿಳಿನಲ್ಲಿ. ಜತ್ತಿನಲ್ಲಿ ಮರಾಠಿ. ರಾಯದುರ್ಗದಲ್ಲಿ ತೆಲುಗು. ಸಕ್ಕರೆ ಕಾಯಿಲೆಯ ಮಾತ್ರೆ ಊಟದ ಮುಂಚೆಯೋ ನಂತರವೋ ಎಂಬುದು ಓದಲು ಬಾರದ ಲಿಪಿಯಲ್ಲಿ ಇದ್ದರೆ ಅದು ಭಾಷೆಯ ವಿಷಯವೂ ಹೌದು, ಪ್ರಾಣದ ವಿಷಯವೂ ಹೌದು. ಸ್ಥಳೀಯ ಜನಸಂಖ್ಯೆಯ ನೂರಕ್ಕೆ 15 ಮಂದಿ ಅಲ್ಪಸಂಖ್ಯಾತ ಭಾಷೆಯವರಿದ್ದರೆ ಮುಖ್ಯ ನಿಯಮ, ನೋಟಿಸುಗಳನ್ನು ಆ ಭಾಷೆಯಲ್ಲೂ ಪ್ರಕಟಿಸಬೇಕು ಅಂತ ರಕ್ಷಣಾ ಕ್ರಮಗಳಲ್ಲಿ ಇದೆ. ಅದನ್ನು ಹಿಡಿದುಕೊಂಡು ಡಿಎಂಒ ಆಫೀಸಿಗೆ ಹೋದರೆ ಅವರು ಕೇಳುವ ಮೊದಲ ಪ್ರಶ್ನೆ, "ಎಷ್ಟು ಜನ? ಏನು ತೊಂದರೆ ಆಗಿದೆ? ದಾಖಲೆ ಎಲ್ಲಿ?" ಆಗ ನಾವು ಪರಸ್ಪರ ಮುಖ ನೋಡ್ತೇವೆ.

ಆ ದಾಖಲೆ ಮಾಡುವವರು ಬೇಕು. ಎಂಪಿಎಚ್‌ನಲ್ಲಿ ಪ್ರತಿಯೊಬ್ಬರೂ ಒಂದು ಡಿಸರ್ಟೇಶನ್ ಬರೀಬೇಕು. ನಾಲ್ಕು ಮಕ್ಕಳು ತಮ್ಮ ತಮ್ಮ ತಾಲೂಕಿನಲ್ಲಿ, ಕನ್ನಡದಲ್ಲಿ ಮನೆ ಮನೆಗೆ ಹೋಗಿ ಪ್ರಶ್ನೆ ಕೇಳಿ ಬರೆದರೆ ನಮ್ಮ ಹತ್ತು ವರ್ಷದ ಮನವಿ ಪತ್ರಗಳಿಗಿಂತ ಹೆಚ್ಚು ತೂಕ.

ಹಾಗಾಗಿ ಕೋರ್ಸು ಆರಿಸುವಾಗ ಕಟ್ಟಡ ನೋಡಬೇಡಿ, ಪ್ಲೇಸ್‌ಮೆಂಟ್ ಬ್ಯಾನರ್ ನೋಡಬೇಡಿ. ಮೊದಲು ಕೇಳಬೇಕಾದ್ದು, ಫೀಲ್ಡ್ ಎಲ್ಲಿ? ಎಷ್ಟು ವಾರ? ಡಿಸರ್ಟೇಶನ್ ನಮ್ಮ ಊರಿನಲ್ಲಿ ಮಾಡಲು ಬಿಡ್ತೀರಾ? ಬಯೋಸ್ಟಾಟಿಸ್ಟಿಕ್ಸ್ ಕಲಿಸುವವರು ಕಾಯಂ ಅಧ್ಯಾಪಕರಾ, ಅಲ್ಲ ವಾರಕ್ಕೊಮ್ಮೆ ಬಂದು ಹೋಗುವವರಾ? ಹಿಂದಿನ ಬ್ಯಾಚಿನ ನಾಲ್ಕು ಜನರ ಫೋನ್ ನಂಬರ್ ಕೊಡಿ. ಈ ಕೊನೆಯ ಮಾತಿಗೆ ಯಾವ ಕಾಲೇಜಿನವರು ತಡವರಿಸ್ತಾರೋ ಅಲ್ಲಿಂದ ಎದ್ದು ಬನ್ನಿ. ಎಂಬಿಬಿಎಸ್‌ಗೆ ಎನ್‌ಎಂಸಿ ಇದೆ, ನರ್ಸಿಂಗ್‌ಗೆ ನರ್ಸಿಂಗ್ ಕೌನ್ಸಿಲ್ ಇದೆ. ಎಂಪಿಎಚ್‌ಗೆ ಅಂಥ ಕೌನ್ಸಿಲ್ ಇಲ್ಲ, ರಿಜಿಸ್ಟ್ರೇಶನ್ ನಂಬರ್ ಇಲ್ಲ. ಒಳ್ಳೆಯದನ್ನೂ ಪೊಳ್ಳನ್ನೂ ಬೇರೆ ಮಾಡುವ ಕೆಲಸ ನಿಮ್ಮ ತಲೆ ಮೇಲೆ.

ಎಲ್ಲಿ ಓದಬಹುದು? ಕಾಸರಗೋಡಿನವರಿಗೆ ನಮ್ಮ ಉತ್ತರ ಕೇಳಿ ಕೆಲವರಿಗೆ ಸಿಟ್ಟು ಬರಬಹುದು. ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ನಮ್ಮದೇ ಜಿಲ್ಲೆ. ಅಲ್ಲಿ ಎಂಪಿಎಚ್ ಇದೆ. ಉತ್ತರ ಭಾರತದ ಮಕ್ಕಳು ಎರಡು ದಿನ ರೈಲಿನಲ್ಲಿ ಕೂತು ಅಲ್ಲಿಗೆ ಬಂದು ಓದ್ತಾರೆ. ನಮ್ಮ ಮಂಜೇಶ್ವರ, ಬದಿಯಡ್ಕದ ಮಕ್ಕಳು ಅದರ ಎದುರಿನ ಹೈವೇಯಲ್ಲೇ ಬಸ್ಸಿನಲ್ಲಿ ಹೋಗ್ತಾರೆ, ಗೇಟಿನ ಒಳಗೆ ಏನುಂಟು ಅಂತ ನೋಡಿಲ್ಲ. "ಅಲ್ಲಿ ಹೋದರೆ ಮಲಯಾಳಿಗಳ ಜತೆ ಸೇರಿದ ಹಾಗೆ" ಅಂತ ನಮ್ಮವರೇ ಒಬ್ಬರು ಹೇಳಿದರು. ಅಲ್ಲ ಸ್ವಾಮಿ, ಮಲಯಾಳಂ ಕಲಿತು ಕಡತ ಓದಲು ಬಂದರೆ ನಮ್ಮ ವಿರುದ್ಧ ಏನು ಬರೆದಿದ್ದಾರೆ ಅಂತಾದರೂ ಗೊತ್ತಾಗ್ತದಲ್ಲ? ಕೇರಳ 2023ರಲ್ಲಿ ಹೊಸ ಸಾರ್ವಜನಿಕ ಆರೋಗ್ಯ ಕಾಯ್ದೆ ತಂದಿತು. ಪಂಚಾಯತಿನ ಮಟ್ಟದವರೆಗೆ ಆರೋಗ್ಯ ಪ್ರಾಧಿಕಾರ. ಅದನ್ನು ಓದಿದ ಕನ್ನಡಿಗ ಪಂಚಾಯತ್ ಸದಸ್ಯರು ಎಷ್ಟು ಮಂದಿ?

ಒಂದು ಕುತೂಹಲದ ವಿಷಯ, ಇದನ್ನು ಹೇಳದೆ ಇರಲಾಗುವುದಿಲ್ಲ. ಆ ಕಾಯ್ದೆ ಬರುವವರೆಗೆ ಕಾಸರಗೋಡಿನಲ್ಲಿ ಇದ್ದದ್ದು 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ. ಆ ಕಾಲದಲ್ಲಿ ಕಾಸರಗೋಡು ದಕ್ಷಿಣ ಕನ್ನಡದಲ್ಲಿತ್ತು, ಆದೋನಿ, ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿದ್ದವು, ಹೊಸೂರು ಸೇಲಂನಲ್ಲಿ, ಮಡಕಶಿರಾ ಅನಂತಪುರದಲ್ಲಿ. ಎಲ್ಲ ಮದ್ರಾಸ್ ಪ್ರಾಂತ್ಯವೇ. ಈಗ ಬೇರೆ ಬೇರೆ ಕಡೆ ಚದುರಿ ಹೋಗಿರುವ ಈ ಊರುಗಳವರೆಲ್ಲ ಒಂದು ಕಾಲಕ್ಕೆ ಒಂದೇ ಆರೋಗ್ಯ ಕಾನೂನಿನ ಕೆಳಗಿದ್ದೆವು.

ಉಳಿದವರಿಗೆ. ಜತ್, ಅಕ್ಕಲಕೋಟೆ, ಸೊಲ್ಲಾಪುರದವರು ಮುಂಬೈಯ ಟಿಸ್ ನೋಡಿ. ಅಲ್ಲಿ ಸೋಶಿಯಲ್ ಎಪಿಡೆಮಿಯಾಲಜಿಯ ಎಂಪಿಎಚ್ ಬೇರೆ, ಆರೋಗ್ಯ ನೀತಿ ಮತ್ತು ಅರ್ಥಶಾಸ್ತ್ರದ ಎಂಪಿಎಚ್ ಬೇರೆ. ನಮ್ಮ ಹಾಗೆ ಬಿ.ಕಾಂ ಮಾಡಿದವರೂ ಎರಡನೆಯದನ್ನು ಗಂಭೀರವಾಗಿ ಯೋಚಿಸಬಹುದು. ಆಸ್ಪತ್ರೆ ಖರ್ಚಿನಿಂದ ಮನೆ ಮುಳುಗುವುದನ್ನು ಬ್ಯಾಂಕಿನವರಷ್ಟು ಹತ್ತಿರದಿಂದ ನೋಡುವವರು ಯಾರಿದ್ದಾರೆ? ಚಿನ್ನ ಅಡವಿಡಲು ಬರುವವರನ್ನು ಕೇಳಿ ನೋಡಿ, ಯಾಕೆ ಅಂತ. ನಾರಾಯಣಪೇಟೆ, ಮಖ್ತಲ್ ಕಡೆಯವರಿಗೆ ಹೈದರಾಬಾದ್ ಕೇಂದ್ರೀಯ ವಿ.ವಿ. ಇದೆ. ಆದೋನಿ, ರಾಯದುರ್ಗದವರೂ ಅದನ್ನು ನೋಡಬಹುದು. ಆದರೆ ಕನ್ನಡದಲ್ಲೇ ಹಳ್ಳಿ ಸುತ್ತುವ ಅಭ್ಯಾಸ ಬೇಕು ಅನ್ನುವವರು ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿ.ವಿ.ಯನ್ನೂ ನೋಡಿ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ 1997ರಿಂದ ಎಂಪಿಎಚ್ ನಡೆಸ್ತಾ ಇದೆ, ದೇಶದಲ್ಲಿ ಹಳೆಯದರಲ್ಲಿ ಒಂದು. ಸೀಟು ಕಡಿಮೆ, ಸ್ಪರ್ಧೆ ಜೋರು. ಕೆಲವು ಕಡೆ ಯಾವ ಪದವಿ ಆದರೂ ನಡೀತದೆ, ಕೆಲವು ಕಡೆ ವೈದ್ಯಕೀಯ ಅಥವಾ ವಿಜ್ಞಾನ ಹಿನ್ನೆಲೆಯೇ ಬೇಕು. ಪ್ರಾಸ್ಪೆಕ್ಟಸ್ ಪೂರ್ತಿ ಓದಿ.

ಖಾಸಗಿ ಎಲ್ಲ ಕೆಟ್ಟದ್ದು ಅಂತ ನಾವು ಹೇಳ್ತಾ ಇಲ್ಲ. ದುಡ್ಡಿರುವವರು, ಒಳ್ಳೆ ವಿಭಾಗ ಇರುವ ಕಡೆ ಹೋಗಲಿ. ಸಾಲ ಮಾಡಿ ಹೋಗುವವರಿಗೆ ಈ ಮಾತು. ವಿದೇಶದ ಏಜೆಂಟರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಒಂದೇ ವರ್ಷದ ಎಂಪಿಎಚ್ ಅಂತ ಆಸೆ ಹುಟ್ಟಿಸಿ ತೋಟದ ಪತ್ರ ತರಿಸ್ತಾರೆ. ಅಪ್ಪನ ತೋಟ ಬ್ಯಾಂಕಿನ ಲಾಕರಿನಲ್ಲಿ ಇದ್ದಾಗ ಯಾರಿಗೂ ಓದು ತಲೆಗೆ ಹತ್ತುವುದಿಲ್ಲ.

ಸರಕಾರದ ಸಂಸ್ಥೆಗಳಿಗೆ ಹೋಗೋಣ ಅಂದರೆ ಬಾಗಿಲಲ್ಲೇ ಒಂದು ಕಲ್ಲು. ಪದವಿಗೆ ಸೇರುವ ಸಿಯುಇಟಿ 13 ಭಾಷೆಯಲ್ಲಿ ನಡೀತದೆ, ಕನ್ನಡವೂ ಉಂಟು. ಅದೇ ಎನ್‌ಟಿಎ ಪಿಜಿಗೆ ನಡೆಸುವ ಸಿಯುಇಟಿಯಲ್ಲಿ ಭಾಷಾ ವಿಷಯಗಳನ್ನು ಬಿಟ್ಟರೆ ಇಂಗ್ಲಿಷ್, ಹಿಂದಿ ಅಷ್ಟೇ. ಹದಿನೆಂಟನೇ ವಯಸ್ಸಿನಲ್ಲಿ ಕನ್ನಡದಲ್ಲಿ ಉತ್ತರ ಬರೀಬಹುದು, ಇಪ್ಪತ್ತೊಂದಕ್ಕೆ ಬಂದಾಗ ಬೇಡ. ಹಿಂದಿಯವನಿಗೆ ಎರಡೂ ಕಡೆ ತನ್ನ ಭಾಷೆ. ಇದನ್ನು ಪ್ರಶ್ನಿಸಿ ನಮ್ಮ ಎಂಪಿಗಳು ಪಾರ್ಲಿಮೆಂಟಿನಲ್ಲಿ ಬಾಯಿ ಬಿಡಬೇಕು, ಕರ್ನಾಟಕದವರೂ ಸೇರಿ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಡಿ. ಇಂಗ್ಲಿಷಿನಲ್ಲಿ ತಯಾರಿ ಮಾಡಿ, ಸಿಟ್ಟು ಇಟ್ಟುಕೊಂಡೇ ಬರೀರಿ.

ಇನ್ನೊಂದು ಭ್ರಮೆ, ಗಡಿನಾಡ ಕನ್ನಡಿಗ ಸರ್ಟಿಫಿಕೇಟು. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಅರ್ಹತೆಗೆ ಹೆಸರಿಸಿರುವುದು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್, ಗಡಹಿಂಗ್ಲಜ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕು. ತಾಳವಾಡಿ ಇಲ್ಲ. ಹೊಸೂರು ಇಲ್ಲ. ಆದೋನಿ, ಮಡಕಶಿರಾ ಇಲ್ಲ. ಅವರು ಹೊರನಾಡ ಕನ್ನಡಿಗರ ಬಾಗಿಲಿನಿಂದ ಬರಬೇಕು. ಅದೆಲ್ಲ ಪದವಿ ಮಟ್ಟದ ಸಿಇಟಿಗೆ. ಎಂಪಿಎಚ್‌ಗೆ ಅದೇ ಕಾಗದ ಹಿಡಿದುಕೊಂಡು ಹೋದರೆ ಸೀಟು ಸಿಗ್ತದೆ ಅಂತ ಏಜೆಂಟ್ ಹೇಳಿದರೆ ಲಿಖಿತದಲ್ಲಿ ಕೊಡಿ ಅನ್ನಿ.

ಕರ್ನಾಟಕ ಅಂದಾಗ ನೆನಪಾಗ್ತದೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದದ್ದು ಕರ್ನಾಟಕ. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿಕೊಂಡಿದ್ದ ಮಂಜೇಶ್ವರ, ಕಾಸರಗೋಡಿನ ರೋಗಿಗಳು ಆಂಬುಲೆನ್ಸಿನಲ್ಲೇ ವಾಪಸು ಬಂದರು, ಪ್ರಾಣ ಹೋದವರ ಸುದ್ದಿ ಒಂದರ ಹಿಂದೆ ಒಂದು ಬಂತು. ಇತ್ತ ಉಕ್ಕಿನಡ್ಕದಲ್ಲಿ 2013ರಲ್ಲೇ ಅಡಿಗಲ್ಲು ಹಾಕಿದ ಮೆಡಿಕಲ್ ಕಾಲೇಜು ಆಗಲೂ ಅರ್ಧ. ಮಣ್ಣು ಸುರಿದವರಿಗೂ ನಾವು ಲೆಕ್ಕಕ್ಕಿಲ್ಲ, ಕಾಲೇಜು ಕಟ್ಟಬೇಕಾದವರಿಗೂ ಇಲ್ಲ. ಆ ದಿನ ಎರಡೂ ಜಿಲ್ಲೆಯ ಆರೋಗ್ಯ ಕಚೇರಿಯಲ್ಲಿ ಗಡಿಯಾಚೆಗೆ ಎಷ್ಟು ಡಯಾಲಿಸಿಸ್ ರೋಗಿಗಳು ಹೋಗ್ತಾರೆ ಎಂಬ ಪಟ್ಟಿ ಹಿಡಿದ ಒಬ್ಬ ನಮ್ಮವನು ಕೂತಿದ್ದರೆ? ರೋಗಕ್ಕಂತೂ ಗಡಿ ಗೊತ್ತಿಲ್ಲ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಕಾಣಿಸಿತು. ಆಮೇಲೆ ವಯನಾಡು, ನೀಲಗಿರಿ, ಗೋವಾದ ಸತ್ತರಿವರೆಗೂ ಅದರ ಗುರುತು ಸಿಕ್ಕಿದೆ. ಹೆಚ್ಚು ಕಡಿಮೆ ನಮ್ಮ ಈ ಪೇಜಿನ ಓದುಗರ ಊರುಗಳೇ.

ಕೆಲಸ ಎಲ್ಲಿದೆ ಅಂತ ಕೇಳ್ತೀರಿ, ನ್ಯಾಯವಾದ ಪ್ರಶ್ನೆ. ಜಿಲ್ಲಾ ಎಪಿಡೆಮಿಯಾಲಜಿಸ್ಟ್, ರೋಗ ಕಣ್ಗಾವಲು ಘಟಕ, ಎನ್‌ಎಚ್‌ಎಂನ ಕನ್ಸಲ್ಟೆಂಟ್ ಹುದ್ದೆಗಳು, ಸಂಶೋಧನಾ ಪ್ರಾಜೆಕ್ಟುಗಳು. ಬಹುತೇಕ ಗುತ್ತಿಗೆ, ಸಂಬಳ ದೊಡ್ಡದಲ್ಲ, ಸುಳ್ಳು ಹೇಳಿ ಏನು ಪ್ರಯೋಜನ. ಸೇರುವ ಮುಂಚೆ ನಿಮ್ಮ ರಾಜ್ಯದ ಎನ್‌ಎಚ್‌ಎಂನ ಹಳೆಯ ನೋಟಿಫಿಕೇಶನ್ ನಾಲ್ಕು ತೆಗೆದು ಅರ್ಹತೆ ನೋಡಿ. ಬರೇ ಎಂಪಿಎಚ್ ಸಾಕಾ, ಅದರ ಕೆಳಗೆ ಇಂಥದೇ ಪದವಿ ಬೇಕಾ ಅಂತ ಅಲ್ಲಿ ಬರೆದಿರ್ತದೆ. ನಮ್ಮ ಹೋರಾಟಕ್ಕೂ ಇಲ್ಲೊಂದು ಕೆಲಸ ಉಂಟು. ಕಾಸರಗೋಡಿನಲ್ಲಿ ಕೇರಳ ಪಿಎಸ್‌ಸಿ ಕ್ಲರ್ಕ್ ಹುದ್ದೆಗೆ "ಕನ್ನಡ, ಮಲಯಾಳಂ ಎರಡೂ ಬಲ್ಲವರು" ಅಂತ ಬೇರೆಯೇ ಕರೆಯುತ್ತದೆ. ಗುಮಾಸ್ತನಿಗೆ ಕನ್ನಡ ಬೇಕು ಅಂತ ಒಪ್ಪಿದ ಸರಕಾರ ರೋಗ ಪತ್ತೆ ಹಚ್ಚುವವನಿಗೂ ಬೇಕು ಅಂತ ಯಾಕೆ ಒಪ್ಪಬಾರದು?

ಸಾಲ ಮಾಡಲೇಬೇಕಾದರೆ ಒಂದು ಮಾತು. 2024ರ ನವೆಂಬರಿನಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಅಡವು, ಜಾಮೀನು ಎರಡೂ ಬೇಡ. ಮನೆಯ ವರಮಾನ ವರ್ಷಕ್ಕೆ ಎಂಟು ಲಕ್ಷದ ಒಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಕಂತು ರಜೆಯ ಅವಧಿಯಲ್ಲಿ ಬಡ್ಡಿಯಲ್ಲಿ ಶೇ. 3 ರಿಯಾಯಿತಿಗೆ ಅರ್ಜಿ ಹಾಕಬಹುದು. ಆದರೆ ಸರಕಾರದ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ, ಅದೂ ಮೆರಿಟ್ ಸೀಟಿಗೆ. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇಲ್ಲ. ನಿಮ್ಮ ಕಾಲೇಜು ಪಟ್ಟಿಯಲ್ಲಿ ಇಲ್ಲದಿದ್ದರೆ ಯಾಕಿಲ್ಲ ಅಂತ ಕಾಲೇಜಿನವರನ್ನೇ ಕೇಳಿ.

ಆ ಅಪ್ಪ-ಮಗಳ ಕತೆ ಅರ್ಧಕ್ಕೆ ಬಿಟ್ಟೆವು. ಲೆಕ್ಕ ಎಲ್ಲ ಒಂದು ವೋಚರಿನ ಹಿಂದೆ ಬರೆದು ತೋರಿಸಿದೆವು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. "ಸೀಟು ಹಿಡಿಯಲು ಇಪ್ಪತ್ತೈದು ಸಾವಿರ ಕಟ್ಟಿ ಆಗಿದೆ ಸಾರ್, ಅದು ಹೋಗ್ತದಲ್ಲ" ಅಂದರು. ಹೋಗ್ತದೆ, ಹೋಗಲಿ ಬಿಡಿ ಅಂದೆವು. ಹೇಳುವುದು ಸುಲಭ, ಅದು ಅವರ ಒಂದು ಸೀಸನ್ನಿನ ಅಡಿಕೆಯ ದುಡ್ಡು. ಹುಡುಗಿ ಮಾತ್ರ ಒಂದೇ ಪ್ರಶ್ನೆ ಕೇಳಿದಳು, "ಪೆರಿಯದಲ್ಲಿ ಓದಿದರೆ ಡಿಸರ್ಟೇಶನ್ ನಮ್ಮ ಪಂಚಾಯತಿನಲ್ಲೇ ಮಾಡಬಹುದಾ?" ನಮಗೆ ಗೊತ್ತಿಲ್ಲಮ್ಮ, ಡಿಪಾರ್ಟ್‌ಮೆಂಟಿಗೇ ಹೋಗಿ ಕೇಳು ಅಂದೆವು.

ಮೊನ್ನೆ ಬುಧವಾರ ಬಂದಿದ್ದಳು. ಹೋಗಿ ಕೇಳಿ ಬಂದಿದ್ದಾಳಂತೆ. ಸಾಲದ ಫಾರಂ ವಾಪಸು ಕೊಟ್ಟಳು, ಈ ವರ್ಷ ಸಿಯುಇಟಿಗೆ ಕೂತು ಓದ್ತೇನೆ ಅಂದಳು. ಮನೆಯಲ್ಲಿ ಇನ್ನೂ ಜಗಳ ಮುಗಿದಿಲ್ಲ. ಅವಳಿಗೆ ಹಳೆಯ ಪ್ರಶ್ನೆಪತ್ರಿಕೆ ಬೇಕು, ಓದಿದ ಸೀನಿಯರ್ ಒಬ್ಬರ ಪರಿಚಯ ಬೇಕು. ನಿಮ್ಮಲ್ಲಿ ಎಂಪಿಎಚ್ ಮುಗಿಸಿದವರು, ಓದ್ತಾ ಇರುವವರು ಯಾವ ತಾಲೂಕಿನವರೇ ಆಗಲಿ, ಪೇಜಿಗೆ ಒಂದು ಮೆಸೇಜ್ ಹಾಕಿ. ಅವಳಿಗೆ ತಲುಪಿಸುವ ಜವಾಬ್ದಾರಿ ನಮ್ಮದು.